ಓಡಿಹೋದವನ ಜಾಗರ

"ನಿಮ್ಮ ಹೇಲೇ ಕಣೇ, ನಿಮ್ಮ ಹೇಲು! ಅದನ್ನ ತಿಂದೇ ಸತ್ತಿರೋದು ಈ ಮೀನೆಲ್ಲ. ಎತ್ತು, ಎತ್ತು. ಮೂಗು ಯಾಕೆ ಮುಚ್ಕೋತೀಯ? ನಿನ್ನ ವಾಸನೆ ನಿನಗೇನು ಹೊಸದಾ?"

ಪುರಸಭೆಯ ಇನ್ಸ್‌ಪೆಕ್ಟರ್ ದಂಡೆಯ ಸಿಮೆಂಟ್ ಬೆಂಚಿನ ಮೇಲೆ ನಿಂತು ಬೈಯುತ್ತಿದ್ದ. ಬೂಟು ನೆನೆಯಬಾರದಲ್ಲ, ಅದಕ್ಕೆ. ನಾವು ಕೆಲವು ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಸತ್ತ ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದೆವು. ಜ್ಯೇಷ್ಠ ಮಾಸ, ಸೀಸನ್ನು ಜೋರು. ಬೆಟ್ಟದ ತಂಪಿಗೆ ಬಂದ ದಿಲ್ಲಿಯ ಜನ ಹೋಟೆಲಿನಲ್ಲಿ ಎದ್ದು ಕಿಟಕಿ ತೆರೆಯುವ ಮುಂಚೆ ತಾಲ್ ಚೊಕ್ಕಟವಾಗಿ ಕಾಣಬೇಕು. ತಾಲ್ ಎಂದರೆ ಈ ಕೆರೆ. ನಾನು ಮದುವೆಯಾಗಿ ಬಂದಾಗ ಇದರ ನೀರನ್ನೇ ಕುಡಿಯುತ್ತಿದ್ದೆವು. ಈಗ ಹಸಿರು ಪಾಚಿಯ ಮೇಲೆ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತವೆ.

ಪಕ್ಕದಲ್ಲಿದ್ದ ಖಷ್ಟಿ ದೀದಿ ಸೊಂಟ ನೆಟ್ಟಗೆ ಮಾಡಿದಳು. ಅವಳ ಬಾಯಿಗೆ ಬೀಗವಿಲ್ಲ.

"ಸಾಬ್, ನಮ್ ಹೊಟ್ಟೆಗ್ ಬೀಳೋದೇ ಒಂದೊತ್ತು. ತಾಲ್ ತುಂಬಾ ಹೇಲಾಕೆ ಎಲ್ಲಿಂದ ತರಾಣ? ಮೇಲ್ಗಡೆ ಮೂರೊತ್ತು ಉಣ್ಣೋರ ಹೋಟ್ಲುಗಳವೆ. ಅವ್ರ ಕುಂಡಿ ಯಾವ್ ಕಡೀಕ್ ತಿರುಗೈತೆ, ಒಸಿ ಬಗ್ಗಿ ನೋಡಿ."

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಇನ್ಸ್‌ಪೆಕ್ಟರ್ ಬೆಂಚಿನಿಂದ ಇಳಿದು ಬಂದು ಖಷ್ಟಿ ದೀದಿಯ ಬುಟ್ಟಿಯನ್ನು ಒದ್ದ. ಮೀನುಗಳು ಮತ್ತೆ ನೀರಿಗೆ ಬಿದ್ದವು.

"ಡೂಮ ಮುಂಡೆ, ನಾಲಿಗೆ ಉದ್ದ ಆಯ್ತು ನಿಂದು. ಕೆರೆ ಕೆಡಿಸ್ತಿರೋರು ನೀವೇ. ಮೇಲಿಂದ ಆರ್ಡರ್ ಬಂದಿದೆ. ಮಳೆ ಹಿಡಿಯೋದ್ರೊಳಗೆ ನಿಮ್ಮ ಗುಡಿಸಲೆಲ್ಲ ಎತ್ತಂಗಡಿ."

ಡೂಮರು ಎಂದರೆ ನಾವು. ಕಲ್ಲು ಕಟ್ಟುವವರು, ಚರ್ಮ ಹದ ಮಾಡುವವರು, ವಾದ್ಯ ನುಡಿಸುವವರು, ಎಲ್ಲರನ್ನೂ ಒಂದೇ ಮಾತಿನಲ್ಲಿ ಉಗಿಯುವುದಕ್ಕೆ ಈ ಬೆಟ್ಟದವರು ಇಟ್ಟುಕೊಂಡ ಹೆಸರು. ಇನ್ಸ್‌ಪೆಕ್ಟರನ ಹಿಂದೆ ಡುಂಗರ್ ಸಿಂಗ್ ನಯಾಲ ನಿಂತು ಚಹಾ ಕುಡಿಯುತ್ತಿದ್ದ. ನಮ್ಮ ಗುಡಿಸಲುಗಳ ಮೇಲುಗಡೆ ಇರುವ ನಾಲ್ಕಂತಸ್ತಿನ ಹೋಟೆಲು ಅವನದು. ಅವನು ಖಷ್ಟಿ ದೀದಿಯ ಕಡೆ ನೋಡಲಿಲ್ಲ, ನನ್ನ ಕಡೆಯಂತೂ ಹೋದ ಭಾದ್ರಪದದಿಂದ ನೋಡಿಯೇ ಇಲ್ಲ. ಮಧ್ಯಾಹ್ನಕ್ಕೆ ಇಬ್ಬರು ಆಳುಗಳು ಬಂದು ನಮ್ಮೆಲ್ಲರ ಬಾಗಿಲಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು.

ಹೋದ ಭಾದ್ರಪದದಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಬೆಟ್ಟದ ಮಳೆನೀರನ್ನು ತಾಲ್‌ಗೆ ಇಳಿಸುವುದಕ್ಕೆ ಬಿಳಿಯರ ಕಾಲದಲ್ಲಿ ಕಟ್ಟಿದ ಕಲ್ಲಿನ ನಾಲೆ ಒಂದಿದೆ. ಆಗೊಮ್ಮೆ ಬೆಟ್ಟ ಜಾರಿ ಬಂದು ದೊರೆಗಳು, ಆಳುಗಳು ಎಲ್ಲ ಒಟ್ಟಿಗೆ ಸತ್ತ ಮೇಲೆ ಬುದ್ಧಿ ಬಂದು ಕಟ್ಟಿದರಂತೆ. ನಾಲೆಯ ಪಕ್ಕ ನಯಾಲನ ತಾತನದು ಚಹಾದಂಗಡಿ ಇತ್ತು. ಅಪ್ಪ ಅದನ್ನು ಮೂರು ಕೋಣೆ ಮಾಡಿದ. ಮಗನಿಗೆ ಜಾಗ ಸಾಲದೆ ನಾಲೆಯ ಮೇಲೆಯೇ ಕಂಬ ಎಬ್ಬಿಸಿದ. ಅಗೆದ ಮಣ್ಣು, ಒಡೆದ ಇಟ್ಟಿಗೆ ಎಲ್ಲ ನಾಲೆಯೊಳಗೇ ಸುರಿಸಿದ. ಅವನನ್ನು ನೋಡಿ ಅಕ್ಕಪಕ್ಕದವರೂ ಸುರಿದರು, ಅವರನ್ನು ನೋಡಿ ಮೇಲಿನವರು. ಕೇಳುವವರು ಅವನ ಹೋಟೆಲಿನಲ್ಲೇ ಉಂಡು ಹೋಗುತ್ತಿದ್ದರು.

ಮಳೆ ಜೋರಾದಾಗ ನಾಲೆಯ ನೀರು ಹಿಂದಕ್ಕೆ ಒತ್ತಿ ಹೋಟೆಲಿನ ಅಡುಗೆಮನೆಗೆ ನುಗ್ಗಿತು. ನಯಾಲ ತನ್ನಲ್ಲಿ ಕಲ್ಲುಕೆಲಸಕ್ಕಿದ್ದ ನನ್ನ ಗಂಡನ ಕೈಗೆ ಗುದ್ದಲಿ ಕೊಟ್ಟು ನಾಲೆಯೊಳಗೆ ಇಳಿಸಿದ. ನಾನು ಮೇಲೆ ಮರಳು ಹೊರುತ್ತಿದ್ದೆ. ಬೆಟ್ಟ ಒಮ್ಮೆ ಕೆಮ್ಮಿದ ಹಾಗೆ ಸದ್ದಾಯಿತು, ಅಷ್ಟೇ. ಓಡಿ ಬಂದು ನೋಡುತ್ತೇನೆ, ಹಿಂಬದಿಯ ಗೋಡೆ ಕೂತುಬಿಟ್ಟಿದೆ, ನಾಲೆಯ ಬಾಯಿ ಇಲ್ಲ. ನಾನು, ಮಾವ, ಜೊತೆಗಿದ್ದ ನೇಪಾಳಿ ಕೂಲಿಗಳು ಕೈಯಲ್ಲೇ ಕೆಸರು ಬಗೆಯತೊಡಗಿದೆವು. ನಯಾಲ ಛತ್ರಿ ಹಿಡಿದುಕೊಂಡು ಬಂದ.

"ಯಾಕೆ ಸುಮ್ಮನೆ ಅಗೀತೀರಿ? ಒಳಗೆ ಯಾರೂ ಇಲ್ಲ. ಅವನು ಆಗಲೇ ಮೇಲೆ ಬಂದು ಹೊರಟುಹೋದ. ಬಸ್‌ಸ್ಟ್ಯಾಂಡ್ ಹತ್ರ ನಾನೇ ನೋಡ್ದೆ. ಜೊತೇಲಿ ಹೆಂಗಸೊಬ್ಬಳಿದ್ಲು."

ಅವತ್ತು ಸಂಜೆಯೇ ನೇಪಾಳಿ ಕೂಲಿಗಳನ್ನು ಲಾರಿಗೆ ತುಂಬಿ ಕೆಳಗೆ ಬಯಲಿನ ಹಲ್ದ್ವಾನಿ ಊರಿಗೆ ಸಾಗಿಸಿದರು. ವಾರದೊಳಗೆ ನಾಲೆಯ ಮೇಲೆ ಗಾರೆ ಹಾಕಿ, ಬಿಳಿ ಟೈಲ್ಸ್ ಕೂರಿಸಿ, ನಯಾಲ ಅಡುಗೆಮನೆಯನ್ನು ದೊಡ್ಡದು ಮಾಡಿಕೊಂಡ. ಪೊಲೀಸ್ ಚೌಕಿಗೆ ಹೋದರೆ ಪೇದೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಗಂಡ ಓಡಿಹೋದ ಅಂದ್ರೆ ಹೆಂಡ್ತೀಲೇ ಏನೋ ಐಬಿದೆ ಅಂತ ಅರ್ಥ" ಎಂದು ನಕ್ಕ.

ಅಂದಿನಿಂದ ನಾನು ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಕರಿಮಣಿ ತೆಗೆದರೆ ಗಂಡ ಬದುಕಿರುವಾಗಲೇ ತೆಗೆದಳು ಎನ್ನುತ್ತಾರೆ, ಇಟ್ಟುಕೊಂಡರೆ ಕತ್ತು ಉರಿಯುತ್ತದೆ. ತಿಥಿಯಿಲ್ಲ, ಪಿಂಡವಿಲ್ಲ. ಈಗ ಮಳೆ ಬಂದರೂ ನಮ್ಮ ಪಕ್ಕದ ನಾಲೆ ಒಣಗಿಯೇ ಇರುತ್ತದೆ. ನೀರೆಲ್ಲ ಬೆಟ್ಟದ ಹೊಟ್ಟೆಯಲ್ಲೇ ನಿಂತು, ನಮ್ಮ ಗುಡಿಸಲ ಹಿಂಗೋಡೆಯಿಂದ ಜಿನುಗುತ್ತದೆ. ಆ ಗೋಡೆಗೆ ಕಿವಿಯಿಟ್ಟರೆ ಒಳಗೆ ಯಾರೋ ಮೆಲ್ಲಗೆ ಕಲ್ಲು ಸರಿಸಿದ ಸದ್ದು. ಮಾವನಿಗೂ ಕೇಳಿಸುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ.

"ಉಚ್ಚೆ ಕಟ್ಟಿದ್ ಎಮ್ಮೆಯಂಗಾಗೈತೆ ಬೆಟ್ಟ," ಎಂದು ಮಾತ್ರ ಮಾವ ಒಮ್ಮೆ ಹೇಳಿದ. "ನಾಲೆ ಬಾಯಿ ತೆಗೀದೆ ಇದ್ರೆ ಈ ಮಳೆಗೆ ಮಗ್ಗುಲಾಯ್ತದೆ. ಕೆಳೀಕಿರೋರು ನಾವು."

ಗುರುತು ಹಾಕಿದ ವಾರದಲ್ಲೇ ನಯಾಲ ನಮ್ಮಲ್ಲಿಗೆ ಬಂದ. ಒಳಗೆ ಬರಲಿಲ್ಲ, ಡೂಮರ ಹೊಸಿಲು ಅವನ ಜಾತಿಯವರು ದಾಟುವುದಿಲ್ಲ. ಹೊರಗಿನ ಕಲ್ಲಿನ ಮೇಲೆ ಕರವಸ್ತ್ರ ಹಾಸಿ ಕುಳಿತ.

"ಹರಕ್ ದಾಸ್, ನಿನ್ನ ಹುಡುಕ ಇನ್ನೂ ಇದೆಯೇನೋ?"

"ಐತೆ ಠಾಕುರ್‌ಸಾಬ್," ಎಂದ ಮಾವ. "ಚರ್ಮ ಒಸಿ ಸಡ್ಲಾಗೈತೆ, ನನ್ನಂಗೆ."

ಹುಡುಕ ಎಂದರೆ ಭುಜಕ್ಕೆ ತೂಗುಹಾಕಿಕೊಂಡು ನುಡಿಸುವ ಸಣ್ಣ ಚರ್ಮವಾದ್ಯ. ಹೆಸರಿಗೆ ತಕ್ಕ ಹಾಗೆ ಹುಡುಕುವುದೇ ಅದರ ಕೆಲಸ. ದೇವರನ್ನೋ ಸತ್ತವರನ್ನೋ ಹೆಸರು ಹಿಡಿದು ಕರೆದು, ಯಾರದಾದರೂ ಮೈಮೇಲೆ ಬರಿಸಿ, ಏನು ಬೇಕೆಂದು ಕೇಳಿ, ಕೊಟ್ಟು, ಮತ್ತೆ ಬಂದಲ್ಲಿಗೆ ಕಳಿಸುವುದು ಜಾಗರ. ಅದನ್ನು ನಮ್ಮೊಳಗಿನ ವಾದ್ಯದವರು, ದಾಸರೇ ನುಡಿಸಬೇಕು. ಕರೆದ ದಾಸನೇ ಕಳಿಸಬೇಕು, ಬೇರೆಯವರ ಕೈಲಾಗುವುದಿಲ್ಲ. ಜಾಗರ ನಡೆಯುವಷ್ಟು ಹೊತ್ತು ಠಾಕುರನಿರಲಿ, ಬ್ರಾಹ್ಮಣನಿರಲಿ, ಮೈಮೇಲೆ ಬಂದ ದೇವರೇ ಇರಲಿ, ದಾಸನಿಗೆ 'ಗುರು' ಎನ್ನಬೇಕು. ಮುಗಿದ ಮೇಲೆ ಗುರು ಕೂತ ಜಾಗಕ್ಕೆ ಗಂಜಲ ಚಿಮುಕಿಸುತ್ತಾರೆ. ಇದಕ್ಕೆ ಹೇಸಿಯೇ ನನ್ನ ಗಂಡ ಹುಡುಕ ಮುಟ್ಟದೆ ಕಲ್ಲು ಕಟ್ಟುವುದಕ್ಕೆ ಹೋದದ್ದು.

ನಯಾಲ ದನಿ ತಗ್ಗಿಸಿದ. "ಅಡುಗೆಮನೇಲಿ ಸದ್ದಾಗುತ್ತೆ ಮಾರಾಯ. ನೆಲದ ಕೆಳಗಿಂದ. ಅಮ್ಮ ಅನ್ನ ಬಿಟ್ಟು ಮಲಗಿದಾಳೆ. ಅಡುಗೆಭಟ್ಟನೂ ಓಡಿಹೋ..."

ಕೂತ ಕರವಸ್ತ್ರದ ಅಂಚನ್ನು ಎಳೆದು ಸರಿ ಮಾಡಿಕೊಂಡ.

"ನಿಮ್ ಹೋಟ್ಲಿಂದ ಬೋ ಜನ ಓಡೋಯ್ತಾರೆ ಬುಡಿ, ಠಾಕುರ್‌ಸಾಬ್," ಎಂದ ಮಾವ.

ನಯಾಲನ ಮುಖ ಕೆಂಪಾಯಿತು. ಆದರೂ ನುಂಗಿಕೊಂಡ. "ಒಂದು ಜಾಗರ ಮಾಡು. ನಿಮ್ಮ ಬಾಗಿಲಿನ ಗುರುತು ಅಳಿಸೋ ಹಾಗೆ ನಾನು ಇನ್ಸ್‌ಪೆಕ್ಟರಿಗೆ ಹೇಳ್ತೀನಿ. ನಿಮ್ಮದು ಮಾತ್ರ, ಬೇರೆಯವರದ್ದೆಲ್ಲ ಕೇಳ್ಬೇಡ. ಹಗಲುಹೊತ್ತೇ ಆಗ್ಬೇಕು. ಗೆಸ್ಟುಗಳು ಬೋಟಿಂಗಿಗೆ ಹೋದಾಗ ಬೇಗ ಮುಗಿಸಿಬಿಡು."

"ಯಾರ್ನ ಕರೀಲಿ?"

"ಯಾರನ್ನಾದ್ರೂ ಕರಿ. ಏನಿದೆಯೋ ಅದನ್ನ."

"ಸಂತೇಲಿ ನಿಂತ್ಕಂಡು ಯಾರಾರಾ ಬನ್ರೋ ಅಂದ್ರೆ ಯಾರ್ ಬತ್ತಾರೆ ಸಾಬ್? ಎಸ್ರು ಬೇಕು. ಅದೂ ಮನೆ ಯಜಮಾನನ ಬಾಯಿಂದ್ಲೇ ಬರ್ಬೇಕು."

"ಅದನ್ನೆಲ್ಲ ಅವತ್ತು ನೋಡೋಣ" ಎಂದು ನಯಾಲ ಎದ್ದ.

ಅವನು ತಿರುಗಿದ್ದೇ ತಡ, ನಾನು ಮಾವನ ಮೇಲೆ ಹರಿಹಾಯ್ದೆ. ಕೈಯಲ್ಲಿ ಸೌಟಿತ್ತು, ಎಸೆದೇಬಿಟ್ಟೆ.

"ಮಗನ್ನ ಹೂತಾಕಿದ್ ಬೋಳಿಮಗನ ಮನೇಲಿ ಹುಡುಕ ಬಾರಿಸ್ತೀಯಾ? ನಿನ್ ಬಾಯ್ಗೆ ಮಣ್ಣಾಕ! ಗುಡಿಸ್ಲು ಉಳೀತದೆ ಅಂತ ಮಗನ್ನ ಮಾರ್ಕತೀಯಾ?"

ಮಾವ ಸೌಟನ್ನು ಎತ್ತಿ ಮಣ್ಣು ಒರಸಿ ಒಲೆಯ ಪಕ್ಕ ಇಟ್ಟ. "ಬ್ವಾರಿ," ಎಂದ. ಸೊಸೆಯನ್ನು ಹಾಗೆ ಕರೆಯುವುದು ನಮ್ಮಲ್ಲಿ. "ಓಡೋದವ್ನಿಗೆ ಯಾರಾರಾ ಜಾಗರ ಮಾಡಿಸ್ತಾರಾ?"

ನಾನೇ ಹೋಗಿ ಹುಡುಕವನ್ನು ಗೂಟದಿಂದ ಇಳಿಸಿ ತಂದೆ.

ಹೋಟೆಲಿನ ಊಟದ ಹಾಲಿನಲ್ಲಿ ಪರದೆ ಎಳೆದು ಕತ್ತಲೆ ಮಾಡಿದ್ದರು. ಕುರ್ಚಿ ಮೇಜುಗಳನ್ನು ಗೋಡೆಗೆ ಒತ್ತರಿಸಿದ್ದರು. ನಮ್ಮನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟು, ಚಪ್ಪಲಿ ಬಿಡುವ ಕಡೆ ಒಂದು ಗೋಣಿಚೀಲ ಹಾಸಿದರು. ಎದುರಿಗೆ ಕಂಬಳಿಯ ಮೇಲೆ ನಯಾಲನ ಮುದುಕಿ ತಾಯಿ. ಊಟಕ್ಕೆಂದು ಬಂದಿದ್ದ ಇನ್ಸ್‌ಪೆಕ್ಟರ್ ಸೋಫಾದಲ್ಲಿ. ಖಷ್ಟಿ ದೀದಿ, ಅವಳ ಹಿಂದೆ ನಮ್ಮ ಕೇರಿಯ ಜನ ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ಜಾಗರಕ್ಕೆ ಬಂದವರನ್ನು ಅಟ್ಟುವ ಹಾಗಿಲ್ಲ. ನಯಾಲ ಹಲ್ಲು ಕಡಿದ.

ಮೈಮೇಲೆ ಬರಿಸಿಕೊಳ್ಳುವುದಕ್ಕೆ ಅವನು ತನ್ನ ಕಡೆಯವನೊಬ್ಬನನ್ನು ಕೂರಿಸಿಕೊಂಡಿದ್ದ. ದೂರದ ಚಿಕ್ಕಪ್ಪ, ಉಣ್ಣೆ ಅಂಗಡಿಯವನು. ಮಾವ ಹುಡುಕದ ಹಗ್ಗ ಬಿಗಿ ಮಾಡುತ್ತಿರುವಾಗಲೇ ಅವನು ಗಡಗಡ ನಡುಗಿ, "ನನಗೊಂದು ಮೇಕೆ ಕೊಡಿ, ಹೊರಟುಹೋಗ್ತೀನಿ!" ಎಂದು ಕೂಗಿದ.

"ಒಸಿ ತಡೀರಿ ದೊರೆ," ಎಂದ ಮಾವ. "ಇನ್ನೂ ಕರ್ದೇ ಇಲ್ಲ."

ಬಾಗಿಲಲ್ಲಿದ್ದವರು ಕಿಸಕ್ಕನೆ ನಕ್ಕರು. ಉಣ್ಣೆ ಅಂಗಡಿಯವನು ನಡುಕ ನಿಲ್ಲಿಸಿ ಕೆಮ್ಮಿದ.

ಮಾವ ದೀಪಕ್ಕೆ ಕೈಮುಗಿದು ಹುಡುಕಕ್ಕೆ ಮೊದಲ ಏಟು ಹಾಕಿದ. ಬೆಟ್ಟವನ್ನು, ತಾಲನ್ನು, ಊರ ಗಡಿಯ ದೇವರನ್ನು ಹಾಡಿದ. ಆಮೇಲೆ ಕೈ ತಡೆದು, ನಯಾಲನ ಮುಷ್ಟಿಗೆ ಅಕ್ಕಿಕಾಳು ಹಾಕಿಸಿದ.

"ಎಸ್ರೇಳು."

"ಗುರು... ಹಾಗೇ ಕರೀರಿ ಗುರು."

"ಎಸ್ರೇಳು."

ನಯಾಲ ಇನ್ಸ್‌ಪೆಕ್ಟರನ ಕಡೆ ನೋಡಿದ. ಇನ್ಸ್‌ಪೆಕ್ಟರ್ ಫೋನು ನೋಡಿಕೊಂಡ. ಮುದುಕಿ ಕಂಬಳಿಯಿಂದ ತಲೆ ಎತ್ತಿ ಕಿರುಚಿದಳು: "ಹೇಳೋ ಡುಂಗರಾ! ನನ್ನ ಜೀವ ಹೋದ ಮೇಲೆ ಹೇಳ್ತೀಯೇನೋ?"

ನಯಾಲನ ತುಟಿ ಒಣಗಿತ್ತು. "ಕೇಸರ್," ಎಂದ. "ಕೇಸರ್ ರಾಮ್. ಹರಕ್ ದಾಸನ ಮಗ."

ಬಾಗಿಲ ಕಡೆಯಿಂದ ಖಷ್ಟಿ ದೀದಿಯ ದನಿ ಬಂತು. "ಏನಂದ್ರಿ ಠಾಕುರ್‌ಸಾಬ್? ಬಸ್ಸತ್ತಿ ಓಡೋದ ಅಂದಿದ್ರಿ? ಬದುಕಿರೋನ ಎಸ್ರುನ್ನ ಹುಡುಕದ್ ಮುಂದೆ ಏಳ್ತಾರಾ ಯಾರಾರಾ?"

ನಾನು ವಿಧವೆಯಾದದ್ದು ಆ ಗಳಿಗೆಯಲ್ಲಿ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಎದೆಯ ಮೇಲಿನ ಕಲ್ಲು ಎತ್ತಿದ ಹಾಗಾಯಿತು, ಆಮೇಲೆ ಕೈಕಾಲು ತಣ್ಣಗಾಗತೊಡಗಿತು.

ಮಾವ ಹಾಡಿದ. ಎಷ್ಟೋ ಮನೆಗಳಲ್ಲಿ ಅವನ ಜಾಗರ ಕೇಳಿದ್ದೇನೆ, ಅವತ್ತಿನ ದನಿ ಕೇಳಿರಲಿಲ್ಲ. "ಬಾ ಮಗನೇ, ಇದ್ದಲ್ಲಿಂದ ಬಾ. ಕಲ್ಲಿನ ಅಡಿಯಿದ್ರೆ ಕಲ್ಲು ಸರಿಸ್ಕಂಡು ಬಾ. ಗಾರೆ ಅಡಿಯಿದ್ರೆ ಗಾರೆ ಸೀಳ್ಕಂಡು ಬಾ. ದಾರಿ ಕಾಣ್ದಿದ್ರೆ ಅಪ್ಪನ ಹುಡುಕದ್ ಸದ್ದು ಹಿಡ್ಕಂಡು ಬಾ." ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೆರಳು ಮಾತ್ರ ತಪ್ಪುತ್ತಿರಲಿಲ್ಲ.

ಎಲ್ಲರೂ ಉಣ್ಣೆ ಅಂಗಡಿಯವನನ್ನು ನೋಡುತ್ತಿದ್ದರು. ನಡುಕ ಬಂದದ್ದು ನನಗೆ. ಪಾದದಿಂದ ಏರಿ ಬಂತು, ಹಿಮದ ನೀರಿನಲ್ಲಿ ಇಳಿದ ಹಾಗೆ. ಹಲ್ಲು ಕಟಕಟ ಎಂದಿತು. ತಲೆಗೂದಲು ಬಿಚ್ಚಿಕೊಂಡಿತು. ಬಾಯಿ ನನ್ನದೇ, ಮಾತು ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು.

"ಚಳಿ ಅಪ್ಪಾ. ಕಾಲು ಆಡ್ಸಾಕಾಗಾಕಿಲ್ಲ. ತಲೆ ಮ್ಯಾಲೆ ಇವ್ರ ಮುಸುರೆ ನೀರು ಬೀಳ್ತದೆ, ಇವ್ರ ಹೇಲು ಬೀಳ್ತದೆ. ಬಾಯಿ ಬುಟ್ರೆ ಬಾಯೊಳೀಕ್ ಬೀಳ್ತದೆ."

ಮಾವನ ಕೈ ಒಂದು ತಾಳ ತಪ್ಪಿತು. ಹಿಡಿದುಕೊಂಡ. "ಏನ್ ಬೇಕು ಮಗಾ?"

"ನಾಲೆ ಬಾಯಿ ತೆಗೀರಿ. ನಾನೂ ಬತ್ತೀನಿ, ನೀರೂ ಬತ್ತದೆ."

"ಕೇಳಿದ್ಯಾ ಯಜಮಾನ?" ಎಂದ ಮಾವ. "ಅಕ್ಕಿ ಹಾಕಿ ಮಾತ್ ಕೊಡು."

ನಯಾಲ ಬೆವರುತ್ತಿದ್ದ. "ಮೇಕೆ ಕೊಡ್ತೀನಿ ಗುರು. ಎರಡು ಕೊಡ್ತೀನಿ. ಗುಡಿ ಕಟ್ಟಿಸ್ತೀನಿ, ಇಲ್ಲೇ ಹೋಟೆಲ್ ಅಂಗಳದಲ್ಲಿ."

"ನಾಲೆ ಬಾಯಿ."

"ತೆಗೆಸ್ತೀನಿ ಗುರು, ತೆಗೆಸ್ತೀನಿ. ಸೀಸನ್ನೊಂದು ಮುಗೀಲಿ. ರೂಮೆಲ್ಲ ಬುಕ್ ಆಗಿದೆ. ಈಗ ಅಡುಗೆಮನೆ ಒಡೆದ್ರೆ ನಾನು ಹಾಳಾಗಿಹೋಗ್ತೀನಿ. ಮಳೆಗಾಲ ಕಳೀಲಿ. ಈಗ ಇವನನ್ನ ಕಳಿಸಿಬಿಡು."

ಮಾವ ಹುಡುಕವನ್ನು ಭುಜದಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡ.

"ಕಳ್ಸಾಕೆ ಬರಾಕಿಲ್ಲ ನಂಗೆ."

"ಏನು?"

"ಮರ್ತೋಯ್ತು. ವಯಸ್ಸಾಯ್ತು ನೋಡು. ಕರ್ಯೋದ್ ಒಂದೇ ನೆನಪೈತೆ."

ನಯಾಲ ಎದ್ದು ನಿಂತ. "ಲೇ ಡೂಮ, ಆಟ ಆಡ್ತೀಯೇನೋ ನನ್ನ ಹತ್ರ? ಸೂಳೆಮಗನೇ, ನಾಳೆ ಬೆಳಿಗ್ಗೆ ನಿನ್ನ ಗುಡಿಸಲು..."

"ಜಾಗರ ಇನ್ನೂ ಮುಗ್ದಿಲ್ಲ," ಎಂದ ಮಾವ, ದನಿ ಏರಿಸದೆ. "ಗುರು ಅನ್ನು."

ಮುದುಕಿ ಮಗನ ಪ್ಯಾಂಟು ಹಿಡಿದು ಜಗ್ಗಿದಳು. "ಅನ್ನೋ! ಮನೆ ತುಂಬ ನಿಂತಿದಾನೆ ಅವನು, ಅನ್ನೋ!" ನಯಾಲ ಎಲ್ಲರೆದುರು ಗುರು ಎಂದ.

ನನ್ನ ನಡುಕ ನಿಂತಿತ್ತು. ಯಾವಾಗ ನಿಂತಿತೋ, ಬಹುಶಃ ಅವನು ಸೀಸನ್ನು ಎಂದಾಗ. ಮೈ ಬಿಸಿಯಾಗಿತ್ತು, ತಲೆ ತಿಳಿಯಾಗಿತ್ತು, ನಾನು ನಾನೇ ಆಗಿದ್ದೆ. ಮಾವ ನನ್ನ ಕಣ್ಣು ನೋಡಿದ, ಅವನಿಗೆ ತಿಳಿಯಿತು. ಹುಡುಕವನ್ನು ಮತ್ತೆ ಭುಜಕ್ಕೇರಿಸಿ ಬಾರಿಸತೊಡಗಿದ. ನಾನು ತಲೆಗೂದಲು ಮುಖದ ಮೇಲೆ ಇಳಿಬಿಟ್ಟುಕೊಂಡು ಮತ್ತೆ ನಡುಗಿದೆ. ನಡುಗುತ್ತಲೇ ಎದ್ದೆ.

ಅಡುಗೆಮನೆಯ ಕಡೆ ನಡೆದೆ. ದಾರಿಯಲ್ಲಿದ್ದವರು ಗೋಡೆಗೆ ಅಂಟಿಕೊಂಡರು. ದೇವರು ಬಂದ ಮೈಯನ್ನು ಯಾರೂ ಮುಟ್ಟುವ ಹಾಗಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಮುಟ್ಟಿದರೆ ಮೈಲಿಗೆ ಎಂದವರು ಈಗ ಮುಟ್ಟಿದರೆ ಸತ್ತೇವು ಎಂದು ಹಿಂದೆ ಸರಿಯುತ್ತಿದ್ದರು. ನನಗೆ ನಗು ಬರುವುದರಲ್ಲಿತ್ತು, ತುಟಿ ಕಚ್ಚಿಕೊಂಡೆ.

ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಒಂದು ಕಬ್ಬಿಣದ ಮುಚ್ಚಳ. ಹೋಟೆಲಿನ ಹೊಲಸೆಲ್ಲ ನಾಲೆಗೆ ಬೀಳುವುದು ಅಲ್ಲಿಂದಲೇ. ತಂದೂರಿ ಒಲೆಯ ಪಕ್ಕ ಕೆಂಡ ಕೆದಕುವ ಸಲಾಕೆಯಿತ್ತು. ಅದನ್ನು ಮುಚ್ಚಳದ ಸಂದಿಗೆ ತೂರಿಸಿ ಮೈಭಾರವನ್ನೆಲ್ಲ ಹಾಕಿದೆ. ಟೈಲ್ಸ್ ಚಟ್ ಎಂದಿತು. ಮುಚ್ಚಳ ಅಲುಗಲಿಲ್ಲ. ಖಷ್ಟಿ ದೀದಿ ಬಂದು ನನ್ನ ಪಕ್ಕ ನಿಂತಳು. ಅವಳೂ ಗಡಗಡ ನಡುಗುತ್ತಿದ್ದಳು.

"ನಂಗೂ ಬಂದದೆ ಕಣೇ," ಎಂದು ಕಿವಿಯಲ್ಲಿ ಉಸುರಿ ಸಲಾಕೆಗೆ ಕೈ ಹಚ್ಚಿದಳು. ಹಿಂದೆ ನೋಡಿದರೆ ನಮ್ಮ ಕೇರಿಯ ಅರ್ಧ ಜನಕ್ಕೆ ಬಂದಿತ್ತು.

ಮುಚ್ಚಳ ಕಿತ್ತು ಬಂತು. ಮೇಲೆದ್ದ ವಾಸನೆಗೆ ಹಾಲಿನಲ್ಲಿದ್ದವರೆಲ್ಲ ಓಕರಿಸಿದರು. ಇನ್ಸ್‌ಪೆಕ್ಟರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲು ಹುಡುಕುತ್ತಿದ್ದ. ಬೋಟಿಂಗಿನಿಂದ ಮರಳಿದ್ದ ಗೆಸ್ಟುಗಳು ಐಸ್‌ಕ್ರೀಮು ಹಿಡಿದ ಮಕ್ಕಳೊಂದಿಗೆ ಬಾಗಿಲಲ್ಲೇ ನಿಂತುಬಿಟ್ಟಿದ್ದರು.

"ಮುಚ್ರೋ ಅದನ್ನ! ಯಾರಾದ್ರೂ ಮುಚ್ರೋ!" ನಯಾಲ ಕೂಗುತ್ತಿದ್ದ. ತಾನು ಮಾತ್ರ ಹತ್ತಿರ ಬರಲಿಲ್ಲ.

ನಾನು ನೆಲಕ್ಕೆ ಮಕಾಡೆ ಮಲಗಿ ತೋಳನ್ನು ಕಂಡಿಯೊಳಗೆ ಇಳಿಸಿದೆ. ಮೊಣಕೈವರೆಗೆ, ಆಮೇಲೆ ಭುಜದವರೆಗೆ. ಕೆನ್ನೆ ಟೈಲ್ಸಿಗೆ ಒತ್ತಿಕೊಂಡಿತ್ತು. ಕೆಳಗೆ ನೀರು ತಣ್ಣಗೆ, ಗಟ್ಟಿಯಾಗಿ ನಿಂತಿತ್ತು. ಕಲ್ಲು ಸಿಕ್ಕಿತು, ಇಟ್ಟಿಗೆ ಚೂರು ಸಿಕ್ಕಿತು. ಆಮೇಲೆ ಬಟ್ಟೆಯಂಥದ್ದೇನೋ ಬೆರಳಿಗೆ ತಾಗಿತು.

ಅಂಗಿಯೋ, ಅಡುಗೆಮನೆಯ ಒರಸುಬಟ್ಟೆಯೋ, ಗೊತ್ತಾಗಲಿಲ್ಲ. ಮುಷ್ಟಿ ಬಿಗಿ ಹಿಡಿದು ಎಳೆದೆ. ಬರಲಿಲ್ಲ. ಅದರ ಆ ತುದಿಗೆ ಭಾರವಿತ್ತು. ಹೊರಗೆ ತಗಡಿನ ಮೇಲೆ ಮಳೆಯ ದಪ್ಪ ಹನಿಗಳು ಬೀಳತೊಡಗಿದವು, ನೀರು ನನ್ನ ತೋಳಿನ ಸುತ್ತ ನಿಧಾನವಾಗಿ ಮೇಲೇರುತ್ತಿತ್ತು. "ಬುಡ್ಬೇಡ ಬ್ವಾರಿ," ಎಂದು ಹಾಲಿನಿಂದ ಮಾವ ಕೂಗಿದ, ಹುಡುಕ ನಿಲ್ಲಿಸದೆ.

ನಾನು ಬಿಡಲಿಲ್ಲ.